ಮಳೆ ನೀರು ನುಗ್ಗಿದ ಮೇಲೆ ಕೀಬೋರ್ಡ್, ಆಂಪ್, ವೀಣೆ ಉಳಿಸಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಜೋರಾದಾಗಲೆಲ್ಲ ಇವೇ ಪ್ರಶ್ನೆಗಳು ಬರುತ್ತವೆ. 2018ರಲ್ಲಿ ಕೊಡಗಿನಿಂದ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯಿಂದ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರಿನಿಂದ. ಬೇಸ್‌ಮೆಂಟ್‌ನಲ್ಲಿ ಪ್ರಾಕ್ಟೀಸ್ ರೂಮ್ ಮಾಡಿಕೊಂಡವರು, ಮೈಕ್ ಸೆಟ್ ಬಾಡಿಗೆಗೆ ಕೊಡುವವರು, ಮನೆಯಲ್ಲೇ ಸಂಗೀತ ಪಾಠ ಹೇಳುವವರು, ಎಲ್ಲರ ಆತಂಕವೂ ಒಂದೇ. ಮೊದಲ ಮೂರು ಉತ್ತರಗಳನ್ನಾದರೂ ಸಾಮಾನು ಮುಟ್ಟುವ ಮೊದಲು ಓದಿ. ಉಳಿದದ್ದರಲ್ಲಿ ನಿಮ್ಮ ಹತ್ತಿರ ಏನಿದೆಯೋ ಅದನ್ನು ಮಾತ್ರ ನೋಡಿಕೊಂಡರೆ ಸಾಕು.

ರೂಮಿಗೆ ನೀರು ಬಂದಿದೆ. ಮೊದಲು ಏನು ಮಾಡಲಿ?

ಮೊದಲು ಕರೆಂಟ್. ನೀರು ಪ್ಲಗ್ ಪಾಯಿಂಟ್ ಮಟ್ಟಕ್ಕೆ ಏರಿದ್ದರೆ ಮೇನ್ ಸ್ವಿಚ್‌ವರೆಗೆ ನೀರಿನಲ್ಲೇ ನಡೆದು ಹೋಗುವ ಸಾಹಸ ಬೇಡ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ. ಗಿಟಾರ್ ಇನ್ನೊಂದು ಸಿಗುತ್ತದೆ.

ಕರೆಂಟ್ ಹೋಗಿದೆ ಅಂತ ಖಾತ್ರಿಯಾದ ಮೇಲೆ ಎಲ್ಲ ಪ್ಲಗ್ ಕಿತ್ತುಹಾಕಿ. ಸೆಲ್, ಬ್ಯಾಟರಿ, ಅಡಾಪ್ಟರ್ ತೆಗೆಯಿರಿ. ಎಫೆಕ್ಟ್ಸ್ ಪೆಡಲ್ ಒಳಗಿನ 9 ವೋಲ್ಟ್ ಬ್ಯಾಟರಿ, ಗಿಟಾರಿನ ಪಿಕಪ್‌ಗೆ ಹಾಕಿದ ಸೆಲ್, ಕಾರ್ಡ್‌ಲೆಸ್ ಮೈಕಿನ ಪೆನ್ಸಿಲ್ ಸೆಲ್, ಇವು ಮರೆತೇ ಹೋಗುತ್ತವೆ. ಸಾಮಾನು ಎತ್ತುವ ಮೊದಲೇ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವ ಗೆರೆ ಕಾಣಬೇಕು, ಆಮೇಲೆ ವಿಮೆಯವರು ಅದನ್ನೇ ಕೇಳುತ್ತಾರೆ.

ಇನ್ನೊಂದು ಮಾತು. ವಾದ್ಯಗಳನ್ನು ಕೇಸಿನಿಂದ, ಬ್ಯಾಗಿನಿಂದ ಹೊರಗೆ ತೆಗೆಯಿರಿ. ಒದ್ದೆಯಾದ ಫೋಮ್, ಮಖಮಲ್ ಬಟ್ಟೆ ವಾರಗಟ್ಟಲೆ ತೇವ ಹಿಡಿದಿರುತ್ತದೆ, ಒಳಗಿರುವ ವಾದ್ಯ ಅದರಲ್ಲೇ ಕೊಳೆಯುತ್ತದೆ.

ಒಂದ್ಸಲ ಆನ್ ಮಾಡಿ ನೋಡಬಹುದಾ? ಹೊರಗೆ ಒಣಗಿದ ಹಾಗೇ ಕಾಣುತ್ತಿದೆ.

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೀರು ಬಿದ್ದು ಹಾಳಾದ ಸಾಮಾನಿಗಿಂತ ನೀರು ಬಿದ್ದ ಮೇಲೆ ಸ್ವಿಚ್ ಹಾಕಿ ಹಾಳಾದದ್ದೇ ಜಾಸ್ತಿ.

ಕರೆಂಟ್ ಇಲ್ಲದಿದ್ದಾಗ ಒಳಗಿನ ಒದ್ದೆ ಸರ್ಕ್ಯೂಟ್ ಬೋರ್ಡ್ ನಿಧಾನವಾಗಿ ಕಿಲುಬು ಹಿಡಿಯುತ್ತದೆ, ನಿಮಗೆ ಒಂದೆರಡು ದಿನ ಸಮಯ ಇರುತ್ತದೆ. ಕರೆಂಟ್ ಕೊಟ್ಟ ತಕ್ಷಣ ಅದೇ ನೀರು ಎರಡು ತಾಮ್ರದ ಗೆರೆಗಳ ಮಧ್ಯೆ ದಾರಿಯಾಗುತ್ತದೆ. ಒಂದು ಕಡೆಯ ಲೋಹ ಕರಗಿ ಇನ್ನೊಂದು ಕಡೆಗೆ ಬೇರಿನ ಹಾಗೆ ಬೆಳೆಯುತ್ತದೆ, ಅಲ್ಲಿಗೆ ಶಾರ್ಟ್. ಐಸಿ, ಅಂದರೆ ಬೋರ್ಡಿನ ಮೇಲಿನ ಚಿಪ್, ಸುಡುವುದಕ್ಕೆ ಒಂದು ಕ್ಷಣ ಸಾಕು. ಇನ್ನು ಹೊರಗೆ ಒಣಗಿರುವುದಕ್ಕೂ ಒಳಗೆ ಒಣಗಿರುವುದಕ್ಕೂ ಸಂಬಂಧವೇ ಇಲ್ಲ. ಟ್ರಾನ್ಸ್‌ಫಾರ್ಮರ್ ಸುರುಳಿಯ ಮಧ್ಯೆ, ರಿಲೇ ಒಳಗೆ, ದೊಡ್ಡ ಐಸಿಗಳ ಅಡಿಯಲ್ಲಿ, ಕೆಪಾಸಿಟರ್‌ನ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ನೀರು ಅಡಗಿ ಕೂತಿರುತ್ತದೆ.

ಆಗಲೇ ಒದ್ದೆಯಾಗಿರುವುದನ್ನು ಮತ್ತೆ ತೊಳೆಯಬೇಕು ಅಂತೀರಲ್ಲ, ತಮಾಷೆನಾ?

ತಮಾಷೆ ಅಲ್ಲ. ಯಾವ ನೀರು ಅನ್ನುವುದು ಇಲ್ಲಿ ಮುಖ್ಯ. ಸೂರಿನಿಂದ ಸೋರಿದ ಸ್ವಚ್ಛ ಮಳೆ ನೀರಾದರೆ ಒಣಗಿಸಿದರೆ ಸಾಕಾಗಬಹುದು. ಬೆಂಗಳೂರಿನ ರಸ್ತೆಯಿಂದ ಬೇಸ್‌ಮೆಂಟ್‌ಗೆ ಇಳಿದ ನೀರಿನಲ್ಲಿ ಚರಂಡಿ, ಎಣ್ಣೆ, ಕೆಸರು ಎಲ್ಲ ಇರುತ್ತದೆ. ಕರಾವಳಿಯಲ್ಲಿ ಉಬ್ಬರದ ಉಪ್ಪು ನೀರಾದರಂತೂ ಗಂಟೆಗಳ ಲೆಕ್ಕದಲ್ಲಿ ತುಕ್ಕು ಶುರುವಾಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮತ್ತು ಕೆಸರು ಬೋರ್ಡ್ ಮೇಲೇ ಉಳಿಯುತ್ತವೆ. ಮುಂದಿನ ತಿಂಗಳು ಗಾಳಿಯಲ್ಲಿ ತೇವ ಏರಿದಾಗ ಆ ಉಪ್ಪು ಮತ್ತೆ ಒದ್ದೆಯಾಗಿ ಕೆಲಸ ಮುಂದುವರಿಸುತ್ತದೆ. ಅದಕ್ಕೇ ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ತೊಳೆಯಬೇಕು.

ಕ್ರಮ ಹೀಗೆ. ಸಾಮಾನು ಬಿಚ್ಚಿ ಬೋರ್ಡ್ ಹೊರಗೆ ತೆಗೆಯಿರಿ (ಕೆಳಗೆ ಕೆಪಾಸಿಟರ್ ಬಗ್ಗೆ ಬರೆದಿದ್ದೇನೆ, ಅದನ್ನು ಓದದೆ ಬಿಚ್ಚಬೇಡಿ). ನಲ್ಲಿ ನೀರಿನಲ್ಲಿ ಕೆಸರು ಹೋಗುವವರೆಗೆ ಮೆತ್ತಗೆ ತೊಳೆಯಿರಿ, ಹಳೇ ಮೆದು ಟೂತ್‌ಬ್ರಷ್ ಸಾಕು. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್ ಲೆಕ್ಕದಲ್ಲಿ ಕೊಡುತ್ತಾರೆ, ಬ್ಯಾಟರಿ ನೀರು ಅಂದರೆ ಎಲ್ಲ ಊರಲ್ಲೂ ಗೊತ್ತು. ಆಸಿಡ್ ಬೆರೆಸಿದ್ದು ಬೇಡ ಅಂತ ಹೇಳಿಯೇ ತೆಗೆದುಕೊಳ್ಳಿ. ಕೊನೆಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್, ರಿಪೇರಿಯವರ ಬಾಯಲ್ಲಿ ಐಪಿಎ. ಇದು ಸಂದಿಯಲ್ಲಿರುವ ನೀರಿನ ಜೊತೆ ಬೆರೆತು ಬೇಗ ಆರುತ್ತದೆ. ಬೆಂಗಳೂರಿನಲ್ಲಾದರೆ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. ಕಿಟಕಿ ತೆಗೆದಿಟ್ಟು ಬಳಸಿ, ಹತ್ತಿರ ದೀಪ, ಊದುಬತ್ತಿ, ಸಿಗರೇಟ್ ಏನೂ ಇರಬಾರದು, ಪಕ್ಕನೆ ಹೊತ್ತಿಕೊಳ್ಳುತ್ತದೆ.

ತೊಳೆಯಬಾರದ್ದೂ ಇವೆ. ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಮೈಕಿನ ಕ್ಯಾಪ್ಸೂಲ್ (ಧ್ವನಿ ಹಿಡಿಯುವ ಭಾಗ), ಡಿಸ್‌ಪ್ಲೇ ಇವನ್ನು ನೀರಿಗೆ ಅದ್ದಬೇಡಿ. ಬಿಚ್ಚಿ ಪಕ್ಕಕ್ಕಿಟ್ಟು ಬೇರೆಯಾಗಿ ಒಣಗಿಸಿ.

ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ?

ಅನ್ನಕ್ಕೆ ಇರಲಿ ಬಿಡಿ. ತೆರೆದ ಗಾಳಿಗಿಂತ ಅಕ್ಕಿ ಹೆಚ್ಚೇನೂ ತೇವ ಎಳೆಯುವುದಿಲ್ಲ, ಅದರ ಹಿಟ್ಟು ಮತ್ತು ಧೂಳು ಜಾಕ್ ಒಳಗೆ ಹೋಗಿ ಅಂಟಿಕೊಳ್ಳುತ್ತದೆ. ಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಬರೆದಿದೆ. ಸಿಲಿಕಾ ಜೆಲ್ ಪೊಟ್ಟಣಗಳು ಸ್ವಲ್ಪ ಉಪಯೋಗಕ್ಕೆ ಬರುತ್ತವೆ, ಅದೂ ಗಾಳಿಯಾಡದ ಡಬ್ಬದಲ್ಲಿ, ತೊಳೆದು ಒಣಗಿಸಿದ ಮೇಲೆ ಉಳಿದ ಚೂರು ತೇವಕ್ಕೆ.

ಹಾಗಾದರೆ ಒಣಗಿಸುವುದು ಹೇಗೆ? ಬಿಸಿಲಿಗೆ ಇಡಲಾ, ಹೇರ್ ಡ್ರೈಯರ್ ಹಿಡಿಯಲಾ?

ಎರಡೂ ಬೇಡ. ಹೇರ್ ಡ್ರೈಯರ್ ನೀರನ್ನು ಇನ್ನೂ ಒಳಗೆ ತಳ್ಳುತ್ತದೆ, ಪ್ಲಾಸ್ಟಿಕ್ ಕೀಲಿಗಳನ್ನು ಸೊಟ್ಟ ಮಾಡುತ್ತದೆ. ನೇರ ಬಿಸಿಲಿಗೆ ಇಟ್ಟರೆ ಮರ ಒಂದು ಕಡೆ ಬೇಗ ಒಣಗಿ ಸೀಳುತ್ತದೆ.

ನಮ್ಮ ಕಡೆ ಒಂದು ಕಷ್ಟ ಇದೆ. ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲೋ ಆಗುಂಬೆಯಲ್ಲೋ ಫ್ಯಾನ್ ಹಾಕಿದರೆ ಅದು ಬೀಸುವುದೇ ಒದ್ದೆ ಗಾಳಿ. ಬಟ್ಟೆಯೇ ಒಣಗದ ಕಡೆ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ಒಣಗುತ್ತದೆ? ಆಗ ಸಣ್ಣ ಕೋಣೆಯೊಂದನ್ನು ಮುಚ್ಚಿ ಎಸಿಯನ್ನು ಡ್ರೈ ಮೋಡ್‌ನಲ್ಲಿ ಹಾಕಿ, ಅಥವಾ ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಬಾಡಿಗೆಗೆ ತನ್ನಿ, ಜೊತೆಗೆ ಫ್ಯಾನ್ ಓಡಿಸಿ. ಬಯಲುಸೀಮೆಯಲ್ಲಿ ನೆರಳು ಮತ್ತು ಫ್ಯಾನ್ ಇಷ್ಟೇ ಸಾಕು. ಮಲೆನಾಡಿನಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿದವರನ್ನೂ ನೋಡಿದ್ದೇನೆ. ತೇವ ಹೋಗುತ್ತದೆ ನಿಜ, ಆದರೆ ಹೊಗೆಯ ಮಸಿ ಬಂದು ಕೂರುತ್ತದೆ, ಅದನ್ನು ತೆಗೆಯುವುದು ಇನ್ನೊಂದು ಕೆಲಸ.

ಎಷ್ಟು ದಿನ ಅಂತ ಕೇಳುತ್ತೀರಿ. ಬರೀ ಬೋರ್ಡ್ ಆದರೆ ಎರಡು ಮೂರು ದಿನ. ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಡಬ್ಬ ವಾರಕ್ಕಿಂತ ಜಾಸ್ತಿ. ಮರದ ವಾದ್ಯ ತಿಂಗಳುಗಟ್ಟಲೆ. ಅಂದಾಜಿನ ಮೇಲೆ ಬಿಡಬೇಡಿ, ದಿನಾ ಒಂದೇ ಹೊತ್ತಿಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಲ್ಲುವವರೆಗೆ ಒಳಗೆ ನೀರಿದೆ ಅಂತಲೇ ಅರ್ಥ.

ಆಂಪ್ಲಿಫೈಯರ್ ನಾನೇ ಬಿಚ್ಚಬಹುದಾ?

ಬ್ಯಾಟರಿಯಲ್ಲಿ ಓಡುವ ಪೆಡಲ್, ಮೈಕ್, ಚಿಕ್ಕ ಕೀಬೋರ್ಡ್ ಬಿಚ್ಚಿ, ತೊಂದರೆ ಇಲ್ಲ. ನೇರವಾಗಿ 230 ವೋಲ್ಟ್ ಹೋಗುವ ಸಾಮಾನು ಬೇರೆ. ಪ್ಲಗ್ ಕಿತ್ತ ಮೇಲೂ ಅದರ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಇರುವ ಮಿಕ್ಸರ್, ಪವರ್ಡ್ ಸ್ಪೀಕರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ. ವಾಲ್ವ್ ಇರುವ ಗಿಟಾರ್ ಆಂಪ್‌ನಲ್ಲಿ 400 ದಾಟಬಹುದು. ಪ್ರಾಣ ತೆಗೆಯುವಷ್ಟು ಇದು. ಮಲ್ಟಿಮೀಟರ್ ಹಿಡಿದು ಡಿಸಿ ವೋಲ್ಟ್ ಅಳೆದು, ರೆಸಿಸ್ಟರ್ ಮೂಲಕ ಡಿಸ್‌ಚಾರ್ಜ್ ಮಾಡಿ ಗೊತ್ತಿಲ್ಲದಿದ್ದರೆ ಮುಚ್ಚಳ ತೆಗೆಯಬೇಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ನಿಸುವುದು ಯೂಟ್ಯೂಬ್ ವಿಡಿಯೋಗೆ ಚೆನ್ನ.

ಮೆಕ್ಯಾನಿಕ್ ಹತ್ತಿರ ಒಯ್ಯುವಾಗ ನೀರು ಬಿದ್ದದ್ದನ್ನು ಮುಚ್ಚಿಡಬೇಡಿ. ಯಾವ ನೀರು, ಎಷ್ಟು ಹೊತ್ತು, ಆಮೇಲೆ ಆನ್ ಮಾಡಿದ್ದಿರಾ, ಈ ಮೂರನ್ನೂ ಹೇಳಿದರೆ ಅವರ ಅರ್ಧ ದಿನ ಉಳಿಯುತ್ತದೆ.

ಒಣಗಿತು. ಈಗ ಮೊದಲ ಸಲ ಆನ್ ಮಾಡುವುದು ಹೇಗೆ?

ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಬೇಡಿ. ಹಳೇ ರೇಡಿಯೋ ರಿಪೇರಿಯವರ ಅಂಗಡಿಯಲ್ಲೆಲ್ಲ ಒಂದು ಸೀರೀಸ್ ಬೋರ್ಡ್ ಇರುತ್ತದೆ. 60 ಅಥವಾ 100 ವ್ಯಾಟ್‌ನ ಫಿಲಮೆಂಟ್ ಬಲ್ಬನ್ನು ಸಾಮಾನಿನ ಜೊತೆ ಸಾಲಾಗಿ ಜೋಡಿಸಿರುತ್ತಾರೆ. ಬಲ್ಬ್ ಒಂದು ಕ್ಷಣ ಮಿಂಚಿ ಮಂಕಾದರೆ ಪರವಾಗಿಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆದರೆ ಕರೆಂಟೆಲ್ಲ ಬಲ್ಬಿನಲ್ಲೇ ತಡೆದಿರುವುದರಿಂದ ಆಂಪ್ ಉಳಿಯುತ್ತದೆ. ಎಲ್‌ಇಡಿ ಬಲ್ಬ್ ಹಾಕಿದರೆ ಈ ಕೆಲಸ ಆಗುವುದಿಲ್ಲ. ಎಸ್‌ಎಂಪಿಎಸ್ ಇದ್ದರೆ ಬಲ್ಬ್ ಮಿಣುಕು ಮಿಣುಕು ಅನ್ನಬಹುದು, ಗಾಬರಿ ಬೇಡ.

ಇದಕ್ಕಿಂತ ಮುಖ್ಯ ಲೀಕೇಜ್. ಟ್ರಾನ್ಸ್‌ಫಾರ್ಮರ್ ಒಳಗೆ ತೇವ ಉಳಿದಿದ್ದರೆ ಆಂಪ್ ಹಾಡುತ್ತದೆ, ಜೊತೆಗೆ ಅದರ ಲೋಹದ ಮೈಗೆ ಕರೆಂಟ್ ಬರುತ್ತದೆ. ಗಿಟಾರ್ ತಂತಿ ಮೇಲೆ ಕೈ, ಮೈಕಿಗೆ ತುಟಿ ತಾಗಿಸಿ ಹಾಡುವವರಿಗೆ ಇದು ಎಷ್ಟು ಅಪಾಯ ಯೋಚಿಸಿ. 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ಇನ್ಸುಲೇಷನ್ ನೋಡಿಸಿ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇರುವ ಲೈನ್‌ನಲ್ಲಿ ಮಾತ್ರ ಹಾಕಿ. ಅದು ಬೀಳುತ್ತಿದ್ದರೆ ಅದನ್ನು ಬೈಪಾಸ್ ಮಾಡುವುದಲ್ಲ, ಆಂಪನ್ನು ಮತ್ತೆ ಒಣಗಿಸಬೇಕು. ಮೂರನೇ ಪಿನ್ ಮುರಿದ ಪ್ಲಗ್‌ಗಳನ್ನಂತೂ ಈ ನೆಪದಲ್ಲಾದರೂ ಬದಲಾಯಿಸಿ.

ಕೀಬೋರ್ಡ್‌ನಲ್ಲಿ ಕೆಲವು ಕೀಲಿ ಮಾತಾಡುತ್ತಿಲ್ಲ.

ಒಳ್ಳೆಯ ಸುದ್ದಿ. ಸಾಮಾನ್ಯವಾಗಿ ಬೋರ್ಡ್ ಹೋಗಿರುವುದಿಲ್ಲ. ಕೀಲಿಗಳ ಕೆಳಗೆ ರಬ್ಬರ್ ಪಟ್ಟಿ ಇರುತ್ತದೆ, ಅದರಲ್ಲಿ ಕಪ್ಪು ಕಾರ್ಬನ್ ಚುಕ್ಕೆಗಳು. ಅವು ಬೋರ್ಡಿನ ಮೇಲಿನ ಕಪ್ಪು ಗೆರೆಗಳನ್ನು ಮುಟ್ಟಿದಾಗಲೇ ಸ್ವರ ಬರುವುದು. ಅಲ್ಲಿ ಕೆಸರಿನ ತೆಳು ಪದರ ಕೂತರೆ ಕೀಲಿ ಮೂಕ. ಒಂದೊಂದು ಕೀಲಿಯಲ್ಲಿ ಎರಡು ಚುಕ್ಕೆ ಇದ್ದು, ಒಂದಾದ ಮೇಲೆ ಒಂದು ಮುಟ್ಟುವ ವೇಗದಿಂದ ನೀವು ಎಷ್ಟು ಜೋರಾಗಿ ಒತ್ತಿದಿರಿ ಅಂತ ಲೆಕ್ಕ ಹಾಕುತ್ತದೆ. ಹಾಗಾಗಿ ಒಂದು ಚುಕ್ಕೆ ಮಾತ್ರ ಕೊಳೆಯಾದರೆ ಸ್ವರ ಬಂದರೂ ವಿಪರೀತ ಜೋರಾಗಿ ಬರಬಹುದು. ರಬ್ಬರ್ ಪಟ್ಟಿಯನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಾರ್ಬನ್ ಮೇಲೆ ಹತ್ತಿ ಕಡ್ಡಿಯಿಂದ ಮೆತ್ತಗೆ ಸವರಿ, ಉಜ್ಜಿದರೆ ಕಾರ್ಬನ್ನೇ ಎದ್ದು ಬರುತ್ತದೆ. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ, ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ.

ಕರಕರ ಅನ್ನುವ ವಾಲ್ಯೂಮ್, ಫೇಡರ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಹಿಂದೆ ಮುಂದೆ ಆಡಿಸಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇ ಬೇಡ, ಅದರ ಜಿಡ್ಡಿಗೆ ಧೂಳು ಅಂಟುತ್ತದೆ.

ಸ್ಪೀಕರ್ ಉಳಿಯುತ್ತಾ?

ಡಬ್ಬ ಯಾವುದರಿಂದ ಮಾಡಿದ್ದು ಅಂತ ನೋಡಿ. ಪ್ಲೈವುಡ್ ಆದರೆ ಉಳಿಯಬಹುದು. ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಊದಿಕೊಂಡರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಒಳಗಿನ ಡ್ರೈವರ್, ಅಂದರೆ ಕೋನ್ ಮತ್ತು ಅಯಸ್ಕಾಂತ ಇರುವ ಭಾಗ, ಬಿಚ್ಚಿ ತೆಗೆಯಿರಿ. ಕಾಗದದ ಕೋನ್ ಒದ್ದೆಯಿದ್ದಾಗ ಬೆರಳು ತಾಗಿದರೂ ಹರಿಯುತ್ತದೆ. ಒಣಗಿದ ಮೇಲೆ ಎರಡೂ ಕಡೆ ಬೆರಳಿಟ್ಟು ಸಮನಾಗಿ ಒಳಗೆ ಒತ್ತಿ ಬಿಡಿ. ಕೆರೆದ ಹಾಗೆ ಕೇಳಿಸಿದರೆ ಅಯಸ್ಕಾಂತದ ಸಂದಿಯಲ್ಲಿ ತುಕ್ಕೋ ಕೆಸರೋ ಕೂತಿದೆ, ಅದನ್ನು ರೀಕೋನ್ ಮಾಡಿಸಬೇಕು, ಅಂದರೆ ಹೊಸ ಕೋನ್ ಹಾಕಿಸಬೇಕು. ದೊಡ್ಡ ಪಿಎ ಸ್ಪೀಕರ್‌ಗೆ ಆ ಖರ್ಚು ಲಾಭ, ಮನೆಯ ಸಣ್ಣ ಬ್ಲೂಟೂತ್ ಸ್ಪೀಕರ್‌ಗೆ ದಂಡ.

ಮೈಕ್, ಕೇಬಲ್?

ಹಾಡುವವರು ಕೈಯಲ್ಲಿ ಹಿಡಿಯುವ ಡೈನಾಮಿಕ್ ಮೈಕ್ ಗಟ್ಟಿ ಪಿಂಡ. ಜಾಲರಿ ತಿರುಗಿಸಿ ಬಿಚ್ಚಿ, ಜಾಲರಿ ಮತ್ತು ಒಳಗಿನ ಸ್ಪಂಜನ್ನು ಸೋಪು ನೀರಿನಲ್ಲಿ ತೊಳೆಯಿರಿ. ಕ್ಯಾಪ್ಸೂಲನ್ನು ಮುಟ್ಟದೆ ನೆರಳಲ್ಲಿ ಒಣಗಿಸಿ. ಸ್ಟುಡಿಯೋ ಕಂಡೆನ್ಸರ್ ಮೈಕ್ ಆದರೆ ಬಿಚ್ಚುವುದೇ ಬೇಡ, ಅದರ ಪೊರೆ ಕೂದಲಿಗಿಂತ ತೆಳು, ತಿಳಿದವರ ಹತ್ತಿರ ಕೊಡಿ.

ಕೇಬಲ್‌ಗಳನ್ನು ಉಳಿಸಲು ಹೋಗಬೇಡಿ. ನೀರು ತಾಮ್ರದ ಎಳೆಗಳ ಮಧ್ಯೆ ಹತ್ತಿಕೊಂಡು ಒಳಗೆ ಹೋಗಿರುತ್ತದೆ, ತುದಿ ಕತ್ತರಿಸಿ ನೋಡಿದರೆ ಕಪ್ಪಗಿರುತ್ತದೆ. ಪಿನ್ ಚೆನ್ನಾಗಿದ್ದರೆ ಅವನ್ನು ಬಿಚ್ಚಿಕೊಂಡು ಹೊಸ ವೈರ್‌ಗೆ ಹಾಕಿ.

ವೀಣೆ, ಗಿಟಾರ್, ಪಿಟೀಲು ನೆನೆದಿವೆ.

ಮರದ ವಿಷಯದಲ್ಲಿ ಅವಸರವೇ ಶತ್ರು. ಮೊದಲು ತಂತಿ ಸಡಿಲಿಸಿ. ಒದ್ದೆ ಮರ ಮೆತ್ತಗಾಗಿರುತ್ತದೆ, ತಂತಿಯ ಬಿಗಿಗೆ ಕತ್ತು ಬಾಗುತ್ತದೆ, ಕುದುರೆ ಕಿತ್ತು ಬರುತ್ತದೆ. ಪೂರ್ತಿ ಬಿಚ್ಚುವ ಮೊದಲು ಪಿಟೀಲಿನ ಬಗ್ಗೆ ಒಂದು ಎಚ್ಚರ: ಒಳಗೆ ಒಂದು ಸಣ್ಣ ಕಡ್ಡಿ ನಿಂತಿರುತ್ತದೆ, ತಂತಿಯ ಒತ್ತಡ ಹೋದರೆ ಅದು ಬೀಳಬಹುದು. ಬಿದ್ದರೆ ಅದನ್ನು ಕಳೆಯಬೇಡಿ.

ಮೆದು ಬಟ್ಟೆಯಿಂದ ಕೆಸರು ಒರೆಸಿ, ಎಲ್ಲ ಕಡೆ ಗಾಳಿಯಾಡುವ ಹಾಗೆ ನಿಲ್ಲಿಸಿ, ವಾರಗಟ್ಟಲೆ ಬಿಡಿ. ಐಪಿಎ ಇಲ್ಲಿ ಬೇಡವೇ ಬೇಡ, ಪಾಲಿಶ್ ಕರಗುತ್ತದೆ. ವೀಣೆಗೆ ಇನ್ನೊಂದು ತಾಪತ್ರಯ, ಅದರ ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಬಿಸಿಲಿಗೋ ಹೀಟರ್ ಪಕ್ಕಕ್ಕೋ ಇಟ್ಟರೆ ಮೇಣ ಇಳಿದು ಮೆಟ್ಟಿಲು ಜಾರುತ್ತವೆ, ಮತ್ತೆ ಮೇಳ ಕಟ್ಟಿಸಬೇಕು. ಕೊಡ ಹಲಸಿನ ಮರದ್ದು, ಅದು ನೀರಿಗೆ ತಕ್ಕಮಟ್ಟಿಗೆ ತಡೆಯುತ್ತದೆ. ಸೋರೆ ಬುರುಡೆ ಮೆತ್ತಗಾಗಿದ್ದರೆ ಬದಲಾಯಿಸುವುದೇ ಸರಿ.

ಅಂಟು ಬಿಟ್ಟಿದೆ ಅಂತ ಎದೆಗೆಡಬೇಡಿ. ಪಿಟೀಲಿಗೆ ಹಾಕುವ ಸರೇಸು (ಪ್ರಾಣಿ ಚರ್ಮದ ಅಂಟು) ನೀರಿಗೆ ಬಿಡುವಂಥದ್ದೇ, ಬಿಟ್ಟದ್ದನ್ನು ಮತ್ತೆ ಅಂಟಿಸಬಹುದು. ಮರ ಸೀಳಿದರೆ ಮಾತ್ರ ಕಷ್ಟ. ಬಿಟ್ಟ ಕಡೆ ನೀವೇ ಫೆವಿಕಾಲ್ ಸುರಿದು ಕಟ್ಟಬೇಡಿ, ಆಮೇಲೆ ಸರಿ ಮಾಡುವವರ ಕೆಲಸ ಎರಡರಷ್ಟಾಗುತ್ತದೆ. 2010ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಕಂಬರ್ಲೆಂಡ್ ನದಿ ಉಕ್ಕಿ, ಸಂಗೀತಗಾರರು ವಾದ್ಯ ಇಡುತ್ತಿದ್ದ ಸೌಂಡ್‌ಚೆಕ್ ಅನ್ನುವ ಜಾಗಕ್ಕೆ ನೀರು ನುಗ್ಗಿತು. ವಿನ್ಸ್ ಗಿಲ್, ಕೀತ್ ಅರ್ಬನ್ ಅವರಂಥವರ ಗಿಟಾರ್‌ಗಳೂ ದಿನಗಟ್ಟಲೆ ನೀರಿನಲ್ಲಿದ್ದವು. ರಿಪೇರಿಯವರು ಅವನ್ನು ನಿಧಾನವಾಗಿ ಒಣಗಿಸಿ, ಅಂಟಿಸಿ, ಎಷ್ಟೋ ಗಿಟಾರ್ ಮತ್ತೆ ನುಡಿಯುವ ಹಾಗೆ ಮಾಡಿದರು.

ಮೃದಂಗ, ತಬಲಾ, ಹಾರ್ಮೋನಿಯಂ?

ಚರ್ಮದ ಆಸೆ ಬಿಡಿ. ಮಧ್ಯದ ಕರಣೆ (ಕಪ್ಪು ವೃತ್ತ) ನೀರಿಗೆ ಕರಗಿ ಬಿರಿಯುತ್ತದೆ, ಮುಚ್ಚಿಗೆ ಹೊಸದಾಗಿ ಹಾಕಿಸಲೇಬೇಕು. ಯಕ್ಷಗಾನದ ಮದ್ದಳೆಗೂ ಇದೇ ಮಾತು. ಉಳಿಸಬೇಕಾದದ್ದು ಮರದ ಕಟ್ಟೆ. ವಾರು ಸಡಿಲಿಸಿ ಮುಚ್ಚಿಗೆ ಬಿಚ್ಚಿದರೆ ಒಳಗೆ ಗಾಳಿಯಾಡಿ ನೆರಳಲ್ಲಿ ಒಣಗುತ್ತದೆ.

ಹಾರ್ಮೋನಿಯಂ ಪೂರ್ತಿ ಬಿಚ್ಚಬೇಕು. ತಿದಿಯ ಬಟ್ಟೆ, ರಟ್ಟು, ಚರ್ಮ ಹೋದಂತೆಯೇ. ಹಿತ್ತಾಳೆಯ ರೀಡುಗಳೇ ಅದರ ಪ್ರಾಣ, ಅವನ್ನು ತೊಳೆದು ಒಣಗಿಸಿ ಇಡಿ. ಕಿಲುಬನ್ನು ಉಜ್ಜಿ ತೆಗೆಯಬೇಡಿ, ಲೋಹ ಸವೆದರೆ ಶ್ರುತಿ ಬದಲಾಗುತ್ತದೆ. ಕರಾವಳಿಯ ಮದುವೆಗಳಲ್ಲಿ ಕೇಳುವ ಸ್ಯಾಕ್ಸೋಫೋನ್ ಆದರೆ ಲೋಹದ ಮೈಗೆ ಏನೂ ಆಗುವುದಿಲ್ಲ, ಚರ್ಮದ ಪ್ಯಾಡ್‌ಗಳು ಊದಿರುತ್ತವೆ. ಅವನ್ನು ಬದಲಾಯಿಸಬೇಕು.

ರೆಕಾರ್ಡಿಂಗ್‌ಗಳೆಲ್ಲ ಹಾರ್ಡ್ ಡಿಸ್ಕ್‌ನಲ್ಲಿದ್ದವು. ಹಳೇ ಕ್ಯಾಸೆಟ್, ಗ್ರಾಮಫೋನ್ ತಟ್ಟೆಗಳೂ ಇವೆ.

ಹಾರ್ಡ್ ಡಿಸ್ಕ್ ಮಾತ್ರ ಉಳಿದದ್ದಕ್ಕೆಲ್ಲ ಉಲ್ಟಾ. ಒಳಗೆ ಕೊಳೆ ನೀರು ಹೋಗಿದ್ದರೆ ಒಣಗಿಸಬೇಡಿ. ಒಣಗಿದರೆ ಕೆಸರು ತಟ್ಟೆಗೆ ಅಂಟುತ್ತದೆ. ಒದ್ದೆಯಿರುವಂತೆಯೇ ಜಿಪ್ ಕವರಿನಲ್ಲಿ ಹಾಕಿ, ಡೇಟಾ ರಿಕವರಿ ಮಾಡುವವರಿಗೆ ಬೇಗ ತಲುಪಿಸಿ. ಕಂಪ್ಯೂಟರಿಗೆ ಸಿಕ್ಕಿಸಿ ನೋಡಬೇಡಿ. ಎಸ್‌ಎಸ್‌ಡಿ, ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳಿಗೆ ಈ ಚಿಂತೆಯಿಲ್ಲ, ತೊಳೆದು ಪೂರ್ತಿ ಒಣಗಿಸಿದರೆ ಬಹಳಷ್ಟು ಸಲ ಓದುತ್ತವೆ.

ಕ್ಯಾಸೆಟ್ ಟೇಪನ್ನು ಸ್ವಚ್ಛ ನೀರಿನಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸಿ, ಒಮ್ಮೆ ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಫ್ರೀಜರ್‌ನಲ್ಲಿ ಇಡಬೇಡಿ. ಎಲ್‌ಪಿ ರೆಕಾರ್ಡ್ ಪ್ಲಾಸ್ಟಿಕ್, ತೊಳೆದು ನಿಲ್ಲಿಸಿ ಒಣಗಿಸಬಹುದು. 78 ಆರ್‌ಪಿಎಂನ ಹಳೇ ತಟ್ಟೆಗಳು ಅರಗಿನವು, ಅವಕ್ಕೆ ಐಪಿಎ ತಾಗಿಸಿದರೆ ಹಾಡೇ ಕರಗಿ ಹೋಗುತ್ತದೆ. ಅಜ್ಜನ ಕಾಲದ ತಟ್ಟೆ ಇರುವವರು ಇದನ್ನು ಗಮನಿಸಿ.

ಲಿಥಿಯಂ ಬ್ಯಾಟರಿ ಒದ್ದೆಯಾಗಿದೆ, ಒಣಗಿಸಿ ಬಳಸಲಾ?

ಬೇಡ. ಕಾರ್ಡ್‌ಲೆಸ್ ಮೈಕ್, ಬ್ಲೂಟೂತ್ ಸ್ಪೀಕರ್, ಲ್ಯಾಪ್‌ಟಾಪ್ ಯಾವುದರದ್ದೇ ಆಗಲಿ, ನೀರಿನಲ್ಲಿ ಮುಳುಗಿದ್ದ ಲಿಥಿಯಂ ಬ್ಯಾಟರಿ ಎಷ್ಟೋ ದಿನದ ಮೇಲೂ ಹೊತ್ತಿಕೊಳ್ಳಬಹುದು, ಉಪ್ಪು ನೀರಾದರೆ ಇನ್ನೂ ಜಾಸ್ತಿ. ಚಾರ್ಜ್‌ಗೆ ಹಾಕಬೇಡಿ. ಮನೆಯ ಹೊರಗೆ ಸಿಮೆಂಟ್ ನೆಲದ ಮೇಲೆ ಇಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಬೂಷ್ಟು ಬಂದುಬಿಟ್ಟಿದೆ.

ಒಂದೆರಡು ದಿನದಲ್ಲೇ ಬರುತ್ತದೆ, ಆಶ್ಚರ್ಯವಿಲ್ಲ. ಎನ್95 ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಒರೆಸಿ. ಹಿಡಿದ ಕೇಸು, ಫೋಮ್ ಎಸೆದುಬಿಡಿ, ವಿಮೆ ಇದ್ದರೆ ಮಾತ್ರ ಸರ್ವೇಯರ್ ನೋಡಿದ ಮೇಲೆ.

ವಿಮೆ ಸಿಗುತ್ತಾ?

ವಾರಂಟಿ ಬಗ್ಗೆ ಆಸೆ ಬೇಡ, ನೀರಿನ ಹಾನಿ ಅದರಲ್ಲಿ ಬರುವುದು ಅಪರೂಪ. ಮನೆ ವಿಮೆ ಇದ್ದರೆ ಕಾಗದ ತೆಗೆದು ನೋಡಿ. 2021ರ ಏಪ್ರಿಲ್ 1ರಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹಕ್ಕೆ ರಕ್ಷಣೆ ಇದೆ. ಕಟ್ಟಡಕ್ಕೆ ವಿಮೆ ಮಾಡಿಸಿದ್ದರೆ ಮನೆ ಸಾಮಾನಿಗೂ ಅದರ 20%ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿಯೇ ಸೇರಿರುತ್ತದೆ. ಮೈಕ್ ಸೆಟ್, ಸ್ಟುಡಿಯೋ ನಡೆಸುವವರು ಇದನ್ನು ನಂಬಿಕೊಂಡು ಕೂರಬಾರದು, ವ್ಯಾಪಾರದ ಸಾಮಾನಿಗೆ ಬೇರೆ ಪಾಲಿಸಿ ಬೇಕು. ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಎಸೆಯಬೇಡಿ. ಆದರೆ ಒಣಗಿಸುವುದನ್ನು ನಿಲ್ಲಿಸಬೇಡಿ, ಮೊದಲು ಫೋಟೋ, ವಿಡಿಯೋ, ಸೀರಿಯಲ್ ನಂಬರ್ ತೆಗೆದುಕೊಂಡು ಕೆಲಸ ಶುರುಮಾಡಿ.

ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಕೊಳ್ಳುತ್ತಿದ್ದೇನೆ. ನೀರಿಗೆ ಬಿದ್ದದ್ದೋ ಅಂತ ಕಂಡುಹಿಡಿಯುವುದು ಹೇಗೆ?

ಪ್ರವಾಹವಾದ ಕೆಲವು ತಿಂಗಳಿಗೆ ಇಂಥ ಸಾಮಾನು ಮಾರ್ಕೆಟ್‌ಗೆ ಬಂದೇ ಬರುತ್ತದೆ. ಕೆಳಭಾಗದ ಸ್ಕ್ರೂಗಳ ತಲೆ ನೋಡಿ, ತುಕ್ಕಿದ್ದರೆ ಕೇಳಿ. ಜಾಕ್ ಒಳಗೆ ಟಾರ್ಚ್ ಬಿಡಿ, ಹಸಿರು ಕಿಲುಬು ಕಾಣುತ್ತದಾ? ಮೂಲೆಗಳಲ್ಲಿ ನಯವಾದ ಮಣ್ಣಿನ ಗೆರೆ ಉಳಿದಿರುತ್ತದೆ. ಮೂಸಿ ನೋಡಲು ನಾಚಿಕೆಪಡಬೇಡಿ, ಬೂಷ್ಟಿನ ವಾಸನೆ ಸೆಂಟ್ ಹೊಡೆದರೂ ಹೋಗುವುದಿಲ್ಲ. ಪ್ರತಿ ಕೀಲಿಯನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ನುಡಿಸಿ, ಅರ್ಧ ಗಂಟೆ ಆನ್‌ನಲ್ಲೇ ಬಿಟ್ಟು ಮತ್ತೆ ನುಡಿಸಿ. ಹಿಂದಿನ ಮುಚ್ಚಳ ಬಿಚ್ಚಿ ತೋರಿಸಲು ಒಪ್ಪದಿದ್ದರೆ ನಾನಾದರೆ ಎದ್ದು ಬರುತ್ತೇನೆ, ಅದರಲ್ಲೂ ಮಾರುವವರು "ಸುಮ್ನೆ ಮನೆಯಲ್ಲಿ ಮೂಲೆಗೆ ಇಟ್ಟಿದ್ದು, ಮುಟ್ಟೇ ಇಲ್ಲ" ಅಂದರೆ.